ಗೆಣಸಿನ ಪೈ: ಕಣಕದಿಂದ ಅಲಂಕಾರದವರೆಗೆ ನೀರಿನದೇ ಲೆಕ್ಕ

ಗೆಣಸಿನ ಪೈ ಎಂದರೆ ಕಣಕದ ತಳದೊಳಗೆ ಗೆಣಸಿನ ಹೂರಣ ತುಂಬಿ ಓವನ್ನಿನಲ್ಲಿ ಬೇಯಿಸುವ ಸಿಹಿ. ಅದು ಕೆಟ್ಟರೆ ಮೊದಲು ನೀರಿನ ಮೇಲೆ ಅನುಮಾನ ಪಡಬೇಕು. ತಳ ಹಸಿಹಸಿಯಾಗಿ ಉಳಿದಿದ್ದರೆ ಕಾರಣ ನೀರು. ಕತ್ತರಿಸಿದಾಗ ಹೂರಣ ಜಾರಿದರೆ ನೀರು. ಮೇಲೆ ಬಿಡಿಸಿದ ಕ್ರೀಮ್ ಅರ್ಧ ಗಂಟೆಯಲ್ಲಿ ಇಳಿದುಹೋದರೆ ಅದೂ ನೀರಿನದೇ ಕೆಲಸ. ಮಸಾಲೆ ಯಾವುದು, ಸಕ್ಕರೆ ಎಷ್ಟು ಎಂಬುದೆಲ್ಲ ಆಮೇಲಿನ ಮಾತು.

ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ, ಅದರಲ್ಲೂ ಕಪ್ಪು ಜನರ ಮನೆಗಳಲ್ಲಿ, ಇದು ಹಬ್ಬದ ಸಿಹಿ. ನವೆಂಬರ್‌ನ ನಾಲ್ಕನೇ ಗುರುವಾರ ಬರುವ ಥ್ಯಾಂಕ್ಸ್‌ಗಿವಿಂಗ್‌ಗೂ ಕ್ರಿಸ್‌ಮಸ್‌ಗೂ ಬೇರೆಯವರು ಕುಂಬಳಕಾಯಿ ಪೈ ಮಾಡಿದರೆ ಇವರ ಮೇಜಿನ ಮೇಲೆ ಗೆಣಸಿನದು ಇರುತ್ತದೆ. ಗುಲಾಮಗಿರಿಯ ಕಾಲದಲ್ಲಿ ಹುಟ್ಟಿ, ಮುಂದೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಡುಗೆಯಿಂದ ಹೆಸರು ಮಾಡಿದ ಆಬಿ ಫಿಶರ್ ತಾವು ಬಲ್ಲ ಅಡುಗೆಗಳನ್ನು ಹೇಳಿ ಬರೆಸಿದ್ದು 1881ರಲ್ಲಿ ಅಚ್ಚಾಯಿತು. ಅದರಲ್ಲಿ ಈ ಪೈ ಇದೆ. ಎರಡು ಪೌಂಡ್ ಗೆಣಸಿಗೆ ಎರಡು ಪೈ, ಐದು ಮೊಟ್ಟೆ, ಒಂದು ಕಿತ್ತಳೆಯ ರಸ, ಅರ್ಧ ಕಿತ್ತಳೆಯ ಸಿಪ್ಪೆಯ ತುರಿ. ಕಣಕ ತಳಕ್ಕೆ ಮಾತ್ರ, ಮೇಲೆ ಮುಚ್ಚುವುದು ಬೇಡ ಎಂದು ಆಕೆ ಸ್ಪಷ್ಟವಾಗಿ ಹೇಳಿದ್ದಾರೆ. ಇಂದಿಗೂ ಪೈಯ ರೂಪ ಅದೇ. ಹೀಗೆ ಮೇಲ್ಭಾಗ ತೆರೆದಿರುವುದರಿಂದಲೇ ಅಲಂಕಾರಕ್ಕೆ ಜಾಗ ಸಿಗುತ್ತದೆ.

ಕೆಲಸವನ್ನು ನಾವು ಎರಡು ದಿನಕ್ಕೆ ಹಂಚುತ್ತೇವೆ. ಮೊದಲ ದಿನ ಗೆಣಸು ಸುಟ್ಟು ಇಡುವುದು, ಕಣಕ ಕಲಸುವುದು, ಎಲೆಗಳನ್ನು ಕತ್ತರಿಸುವುದು. ಮರುದಿನ ಬೇಯಿಸುವುದು, ಆರಿಸುವುದು, ಸಿಂಗರಿಸುವುದು. ಒಂದೇ ದಿನದಲ್ಲಿ ಮುಗಿಸಲು ಹೊರಟರೆ ಆರಲು ಬಿಡುವ ಸಮಯಕ್ಕೇ ಕತ್ತರಿ ಬೀಳುತ್ತದೆ.

ಗೆಣಸಿನ ಆಯ್ಕೆ ಮುಖ್ಯ. ಅಮೆರಿಕದಲ್ಲಿ ಅತಿ ಹೆಚ್ಚು ಗೆಣಸು ಬೆಳೆಯುವ ರಾಜ್ಯ ಉತ್ತರ ಕೆರೊಲಿನಾ. ಅಂಗಡಿಯಲ್ಲಿ ಸಿಗುವ ಕಿತ್ತಳೆ ತಿರುಳಿನ ಗೆಣಸು ಹೆಚ್ಚಾಗಿ ಅಲ್ಲಿನ ವಿಶ್ವವಿದ್ಯಾಲಯ 2005ರಲ್ಲಿ ಬಿಡುಗಡೆ ಮಾಡಿದ ಕವಿಂಗ್ಟನ್ ತಳಿ, ಇಲ್ಲವೇ 1987ರಲ್ಲಿ ಲೂಯಿಸಿಯಾನಾದಿಂದ ಬಂದ ಬ್ಯೂರಗಾರ್ಡ್. ಎರಡೂ ಈ ಪೈಗೆ ಒಪ್ಪುತ್ತವೆ. ಚೀಟಿಯ ಮೇಲೆ ಯಾಮ್ ಎಂದು ಬೇರೆ ಗಡ್ಡೆಯ ಹೆಸರು ಬರೆದಿದ್ದರೂ ಒಳಗಿರುವುದು ಇದೇ ಗೆಣಸು. ಕಿತ್ತ ಮೇಲೆ ಇದನ್ನು ಸುಮಾರು 29 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ, ತೇವ ತುಂಬಿದ ಕೋಣೆಯಲ್ಲಿ ನಾಲ್ಕರಿಂದ ಏಳು ದಿನ ಇಟ್ಟು ಹದ ಮಾಡುತ್ತಾರೆ. ಆಗ ಸಿಪ್ಪೆಯ ಗಾಯ ಮಾಯುತ್ತದೆ. ಆಮೇಲೆ ಕೆಲವು ವಾರ 13 ಡಿಗ್ರಿಯ ಸುತ್ತ ದಾಸ್ತಾನು ಮಾಡಿದರೆ ಸಿಹಿ ಏರುತ್ತದೆ. ಶರತ್ಕಾಲದ ಆರಂಭದಲ್ಲಿ ಕಿತ್ತ ಗೆಣಸು ಹಬ್ಬದ ಹೊತ್ತಿಗೆ ಒಳ್ಳೆಯ ರುಚಿಗೆ ಬರುವುದು ಹೀಗೆ. ಮನೆಗೆ ತಂದ ಹಸಿ ಗೆಣಸನ್ನು ಫ್ರಿಜ್ಜಿನಲ್ಲಿ ಮಾತ್ರ ಇಡಬೇಡಿ. ಚಳಿ ತಾಗಿದ ಗೆಣಸಿನ ನಡುವೆ ಎಷ್ಟು ಬೇಯಿಸಿದರೂ ಮೆತ್ತಗಾಗದ ಗಟ್ಟಿ ತಿರುಳು ಉಳಿಯುತ್ತದೆ.

ಒಂದು ಪೈಗೆ 750 ಗ್ರಾಂ ಗೆಣಸು ಬೇಕು. ತಲಾ 250 ಗ್ರಾಂ ತೂಗುವ ಮೂರು ಸಿಕ್ಕರೆ ಒಂದೇ ಹೊತ್ತಿಗೆ ಬೇಯುತ್ತವೆ. ತೊಳೆದು, ಒರೆಸಿ, ಫೋರ್ಕಿನಿಂದ ಅಲ್ಲಲ್ಲಿ ಚುಚ್ಚಿ, ತಣ್ಣಗಿರುವ ಓವನ್ನಿನಲ್ಲೇ ಇಟ್ಟು ಆಮೇಲೆ 200 ಡಿಗ್ರಿಗೆ ಹಚ್ಚಿ. ಫ್ಯಾರನ್‌ಹೀಟ್ ಓವನ್ ಆದರೆ 400. ತಣ್ಣಗೆ ಶುರು ಮಾಡುವುದಕ್ಕೆ ಕಾರಣವಿದೆ. ಗೆಣಸಿನೊಳಗಿನ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಮಾಲ್ಟೋಸ್ ಸಕ್ಕರೆಯಾಗಿ ಒಡೆಯುತ್ತದೆ. ಅದು ಚುರುಕಾಗಿ ಕೆಲಸ ಮಾಡುವುದು ಸುಮಾರು 57ರಿಂದ 77 ಡಿಗ್ರಿಯ ನಡುವೆ, ಅದರಾಚೆ ಸಾಯುತ್ತದೆ. ಗೆಣಸು ಆ ಹಂತವನ್ನು ನಿಧಾನವಾಗಿ ದಾಟಿದರೆ ಸಿಹಿ ಹೆಚ್ಚು. ಮೈಕ್ರೋವೇವ್‌ನಲ್ಲಿ ಹತ್ತು ನಿಮಿಷದಲ್ಲಿ ಬೆಂದ ಗೆಣಸು ಸಪ್ಪೆ ಎನಿಸುವುದು ಇದರಿಂದಲೇ. ಒಂದರಿಂದ ಒಂದೂಕಾಲು ಗಂಟೆಯಲ್ಲಿ ಸಿಪ್ಪೆ ತಿರುಳಿನಿಂದ ಬಿಟ್ಟುಕೊಂಡು, ಚುಚ್ಚಿದ ಕಡೆ ಪಾಕ ಜಿನುಗಿ ಕಪ್ಪಾಗಿರುತ್ತದೆ. ಆಗ ಉದ್ದಕ್ಕೆ ಸೀಳಿ, ಹಬೆ ಹೋಗಲು ಹತ್ತು ನಿಮಿಷ ಹಾಗೇ ತೆರೆದಿಡಿ.

ಕುಕ್ಕರಿನಲ್ಲಿ ಬೇಯಿಸುವವರೂ ಇದ್ದಾರೆ. ತಪ್ಪಲ್ಲ, ಆದರೆ ಗೆಣಸು ಕುಡಿದ ನೀರನ್ನು ತೆಗೆಯುವ ಕೆಲಸ ನಿಮ್ಮ ತಲೆಗೆ ಬರುತ್ತದೆ. ಮಸೆದ ತಿರುಳನ್ನು ದಪ್ಪ ತಳದ ಬಾಣಲೆಗೆ ಹಾಕಿ, ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ ಕೈ ಬಿಡದೆ ಮಗುಚಬೇಕು. ಸೌಟು ಎಳೆದ ದಾರಿ ಕೂಡಲೇ ಮುಚ್ಚಿಕೊಳ್ಳದೆ ನಿಂತರೆ ಸಾಕು. ಸುಟ್ಟ ಗೆಣಸಾಗಲಿ ಬೇಯಿಸಿದ್ದಾಗಲಿ ಪರೀಕ್ಷೆ ಒಂದೇ: ಒಂದು ಚಮಚ ತಿರುಳನ್ನು ತಟ್ಟೆಯ ಮೇಲೆ ಗುಡ್ಡೆ ಮಾಡಿ ಐದು ನಿಮಿಷ ಬಿಡಿ. ಸುತ್ತ ನೀರಿನ ಬಳೆ ಕಟ್ಟಿದರೆ ಇನ್ನೂ ಮಗುಚಬೇಕು.

ನಾರು ಇನ್ನೊಂದು ರಗಳೆ. ಬಿಸಿ ತಿರುಳನ್ನು ಎಲೆಕ್ಟ್ರಿಕ್ ಬೀಟರಿನಿಂದ ಒಂದೆರಡು ನಿಮಿಷ ಬಡಿದರೆ ಉದ್ದ ನಾರುಗಳು ಬೀಟರಿನ ಕಡ್ಡಿಗೇ ಸುತ್ತಿಕೊಳ್ಳುತ್ತವೆ. ಕಡ್ಡಿಗಳನ್ನು ತೊಳೆದು ಇನ್ನೊಮ್ಮೆ ಓಡಿಸಿ. ಉಳಿದದ್ದನ್ನು ಜರಡಿಯಲ್ಲಿ ಚಮಚದಿಂದ ಒತ್ತಿ ಇಳಿಸಿ. ಮಿಕ್ಸಿ ಜಾರ್ ನಾರನ್ನು ತೆಗೆಯುವುದಿಲ್ಲ, ಕತ್ತರಿಸಿ ಅಲ್ಲೇ ಉಳಿಸುತ್ತದೆ. ಕೊನೆಗೆ 450 ಗ್ರಾಂ ತಿರುಳು ತೂಗಿ ತೆಗೆದುಕೊಳ್ಳಿ. ಕಪ್ಪಿನಲ್ಲಿ ಅಳೆದರೆ ನಡುವೆ ಗಾಳಿ ಸೇರಿ ಲೆಕ್ಕ ತಪ್ಪುತ್ತದೆ.

ಕಣಕಕ್ಕೆ ಬರೋಣ. ತಳಕ್ಕೂ ಅಲಂಕಾರಕ್ಕೂ ಸೇರಿ ಮೈದಾ 240 ಗ್ರಾಂ, ತಣ್ಣನೆಯ ಉಪ್ಪಿಲ್ಲದ ಬೆಣ್ಣೆ 170 ಗ್ರಾಂ, ಉಪ್ಪು ಮುಕ್ಕಾಲು ಟೀ ಚಮಚ, ಸಕ್ಕರೆ ಒಂದೂವರೆ ದೊಡ್ಡ ಚಮಚ, ಐಸ್ ನೀರು ಸುಮಾರು 75 ಮಿ.ಲೀ. ಬೆಣ್ಣೆಯನ್ನು ಸಣ್ಣ ತುಂಡು ಮಾಡಿ ಹಿಟ್ಟಿನೊಳಗೆ ಬೆರಳ ತುದಿಯಿಂದ ಉಜ್ಜಿ. ಬಟಾಣಿ ಗಾತ್ರದ ಚೂರುಗಳು ಕಾಣುವಾಗಲೇ ನಿಲ್ಲಿಸಬೇಕು. ಓವನ್ನಿನಲ್ಲಿ ಆ ಚೂರುಗಳೊಳಗಿನ ನೀರು ಹಬೆಯಾಗಿ ಹಿಟ್ಟನ್ನು ಪದರ ಪದರವಾಗಿ ಎತ್ತುತ್ತದೆ. ಇಡೀ ಪೈಯಲ್ಲಿ ನೀರು ಉಪಕಾರ ಮಾಡುವ ಜಾಗ ಇದೊಂದೇ. ಮನೆಯಲ್ಲಿ ಕಡೆದ ಬೆಣ್ಣೆ ಬಳಸಿದರೆ ಮಜ್ಜಿಗೆಯ ಅಂಶ ಹೋಗುವಂತೆ ಚೆನ್ನಾಗಿ ಹಿಂಡಿ ತೊಳೆದಿರಬೇಕು, ಮೇಲಿನಿಂದ ಹಾಕುವ ನೀರನ್ನೂ ಕಡಿಮೆ ಮಾಡಬೇಕು. ನೀರನ್ನು ಒಂದೊಂದೇ ಚಮಚ ಚಿಮುಕಿಸಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲುವಷ್ಟಾದರೆ ಸಾಕು. ಹೋಳಿಗೆಯ ಕಣಕವನ್ನು ನಾದಿ ನಾದಿ ರೂಢಿಯಾದ ಕೈ ಇಲ್ಲಿ ಸುಮ್ಮನಿರಬೇಕು. ನಾದಿದಷ್ಟೂ ಗ್ಲೂಟೆನ್ ಎಂಬ ಹಿಟ್ಟಿನ ಅಂಟು ಬಿಗಿದು, ತಳ ಗಟ್ಟಿಯಾಗಿ, ಬೇಯುವಾಗ ತಟ್ಟೆಯ ಅಂಚಿನಿಂದ ಜಾರಿ ಕುಗ್ಗುತ್ತದೆ.

ಮೂರರಲ್ಲಿ ಎರಡು ಪಾಲನ್ನು ತಳಕ್ಕೆ, ಒಂದು ಪಾಲನ್ನು ಎಲೆ ಹೂಗಳಿಗೆ ಎಂದು ಬೇರೆ ಮಾಡಿ, ಚಪ್ಪಟೆಯಾಗಿ ತಟ್ಟಿ, ಮುಚ್ಚಿ ಕನಿಷ್ಠ ಒಂದು ಗಂಟೆ ಫ್ರಿಜ್ಜಿನಲ್ಲಿಡಿ. ರಾತ್ರಿಯಿಡೀ ಇದ್ದರೆ ಇನ್ನೂ ಒಳ್ಳೆಯದು. ಲಟ್ಟಿಸುವಾಗ 3 ಮಿ.ಮೀ. ದಪ್ಪ, 32 ಸೆಂ.ಮೀ. ಅಗಲ. ತಟ್ಟೆ 23 ಸೆಂ.ಮೀ. ವ್ಯಾಸದ, ಸ್ವಲ್ಪ ಆಳ ಇರುವಂಥದ್ದು. ಗಾಜಿನದಕ್ಕಿಂತ ಲೋಹದ್ದು ನಮಗೆ ಹೆಚ್ಚು ಇಷ್ಟ. ತಳ ಬೇಗ ಕಾಯುತ್ತದೆ, ಫ್ರಿಜ್ಜಿನಿಂದ ನೇರ ಓವನ್ನಿಗೆ ಹೋದರೂ ಸೀಳುವ ಭಯವಿಲ್ಲ. ಕಣಕವನ್ನು ಎಳೆದು ಮೂಲೆಗೆ ಹೊಂದಿಸಬೇಡಿ, ಎತ್ತಿ ಇಳಿಬಿಡಿ. ಎಳೆದದ್ದು ಬೇಯುವಾಗ ಮತ್ತೆ ಹಿಂದಕ್ಕೆ ಬರುತ್ತದೆ. ಅಂಚು ಮಡಚಿ ಚಿವುಟಿದ ಮೇಲೆ ಇನ್ನೂ ಅರ್ಧ ಗಂಟೆ ತಣ್ಣಗಿರಲಿ.

ಹೂರಣವಿಲ್ಲದೆ ತಳವನ್ನು ಮೊದಲೇ ಬೇಯಿಸಿಕೊಳ್ಳುವ ಹಂತವನ್ನು ಅನೇಕರು ಹಾರಿಸುತ್ತಾರೆ. ಹಾರಿಸಬೇಡಿ. ಒಂದು ಲೀಟರಿನ ಆಸುಪಾಸಿನ ಒದ್ದೆ ಹೂರಣದ ಕೆಳಗೆ ಹಸಿ ಹಿಟ್ಟು ಎಂದೂ ಗರಿಗರಿ ಆಗದು. ತಳವನ್ನು ಫೋರ್ಕಿನಿಂದ ಚುಚ್ಚಿ, ಬೇಕಿಂಗ್ ಪೇಪರ್ ಹಾಸಿ, ಒಣ ಅಲಸಂದೆಯನ್ನೋ ಅಕ್ಕಿಯನ್ನೋ ಅಂಚಿನವರೆಗೆ ತುಂಬಿ. ಅರ್ಧ ತುಂಬಿದರೆ ಗೋಡೆಗಳು ಕುಸಿಯುತ್ತವೆ. 200 ಡಿಗ್ರಿಯಲ್ಲಿ 20 ನಿಮಿಷ, ಕಾಳು ತೆಗೆದು ಇನ್ನೂ ಏಳೆಂಟು ನಿಮಿಷ, ತಳ ಒಣಗಿ ತೆಳು ಕಂದು ಬರುವ ತನಕ. ಬಿಸಿ ಇರುವಾಗಲೇ ಮೊಟ್ಟೆಯ ಬಿಳಿಯನ್ನು ಒಳಗೆಲ್ಲ ತೆಳ್ಳಗೆ ಸವರಿ ಒಂದು ನಿಮಿಷ ಓವನ್ನಿಗೆ ಕೊಟ್ಟರೆ ಚುಚ್ಚಿದ ತೂತುಗಳು ಮುಚ್ಚಿ ಹೂರಣ ಸೋರುವುದಿಲ್ಲ. ಬಿರುಕು ಕಂಡರೆ ಉಳಿದ ಹಿಟ್ಟನ್ನು ಮೆತ್ತಿ. ಆ ಕಾಳು ಆಮೇಲೆ ಸಾರಿಗೆ ಆಗದು, ಡಬ್ಬಿಯಲ್ಲಿ ಎತ್ತಿಟ್ಟರೆ ಮುಂದಿನ ಪೈಗೆ ಬರುತ್ತದೆ.

ಹೂರಣಕ್ಕೆ 450 ಗ್ರಾಂ ತಿರುಳು, ಮೆತ್ತಗಾದ ಬೆಣ್ಣೆ 85 ಗ್ರಾಂ, ಸಕ್ಕರೆ 150 ಗ್ರಾಂ, ಮೊಟ್ಟೆ ಮೂರು, ಇವಾಪೊರೇಟೆಡ್ ಹಾಲು 180 ಮಿ.ಲೀ., ಉಪ್ಪು ಅರ್ಧ ಟೀ ಚಮಚ, ವೆನಿಲ್ಲಾ ಎರಡು ಟೀ ಚಮಚ. ಸಕ್ಕರೆಯಲ್ಲಿ ಅರ್ಧ ಪಾಲು ಬ್ರೌನ್ ಶುಗರ್ ಇದ್ದರೆ ರುಚಿಗೆ ಆಳ ಬರುತ್ತದೆ. ಅದು ಸಿಗದ ಊರಿನಲ್ಲಿ ಬಿಳಿ ಸಕ್ಕರೆಗೆ ಒಂದು ಚಮಚ ಜೋನಿ ಬೆಲ್ಲ ಬೆರೆಸಿದರೂ ನಡೆಯುತ್ತದೆ. ಇವಾಪೊರೇಟೆಡ್ ಹಾಲೆಂದರೆ ಸಿಹಿ ಹಾಕದೆ ಬತ್ತಿಸಿದ ಹಾಲು. 450 ಮಿ.ಲೀ. ಗಟ್ಟಿ ಹಾಲನ್ನು 180ಕ್ಕೆ ಇಳಿಸಿ, ಕೆನೆ ಸೋಸಿ ಆರಿಸಿದರೆ ಅದೇ. ಹಸಿ ಹಾಲನ್ನು ಹಾಗೇ ಸುರಿದರೆ ಇಷ್ಟು ಹೊತ್ತು ಗೆಣಸಿನಿಂದ ತೆಗೆದ ನೀರನ್ನು ಮತ್ತೆ ಸೇರಿಸಿದಂತೆ.

ಮಸಾಲೆಯಲ್ಲಿ ಮುಂದೆ ನಿಲ್ಲಬೇಕಾದದ್ದು ಜಾಯಿಕಾಯಿ. ಆಗ ತಾನೇ ತುರಿದದ್ದು ಅರ್ಧ ಟೀ ಚಮಚ, ಚಕ್ಕೆ ಪುಡಿ ಅರ್ಧ, ಒಣಶುಂಠಿ ಕಾಲು. ಲವಂಗ ಹಾಕಲೇಬೇಕೆಂದರೆ ಒಂದು ಚಿಟಿಕೆ. ಕುಂಬಳಕಾಯಿ ಪೈಗೆಂದು ಮಾರುವ ಸಿದ್ಧ ಮಸಾಲೆಯನ್ನು ಇದಕ್ಕೆ ಸುರಿದರೆ ಗೆಣಸಿನ ಗುರುತೇ ಅಳಿಸಿಹೋಗುತ್ತದೆ. ಏಲಕ್ಕಿ ಹಾಕಲು ಕನ್ನಡದ ಕೈ ತುರಿಸುತ್ತದೆ. ಹಾಕಿದರೆ ಕೆಟ್ಟದಾಗುವುದಿಲ್ಲ, ಆದರೆ ರುಚಿ ಗೆಣಸಿನ ಹೋಳಿಗೆಯ ಕಡೆಗೆ ವಾಲುತ್ತದೆ. ಕಿತ್ತಳೆ ಸಿಪ್ಪೆಯ ತುರಿ ಒಂದು ಟೀ ಚಮಚ ಇರಲಿ. ಆಬಿ ಫಿಶರ್ ಲೆಕ್ಕ ಇಲ್ಲಿ ಇಂದಿಗೂ ಸರಿ, ಸಿಹಿಯನ್ನು ಅದು ಹದವಾಗಿ ಕತ್ತರಿಸುತ್ತದೆ. ಅಡುಗೆ ಸೋಡಾ ಮಾತ್ರ ಚಿಟಿಕೆಯೂ ಬೇಡ. ಗೆಣಸಿನಲ್ಲಿರುವ ಕ್ಲೋರೊಜೆನಿಕ್ ಆಮ್ಲ ಕ್ಷಾರದ ಜೊತೆ ಸೇರಿದರೆ ತಿರುಳು ಹಸಿರಿಗೆ ತಿರುಗಬಹುದು.

ಬೆಣ್ಣೆ, ಸಕ್ಕರೆ, ಮಸಾಲೆಗಳನ್ನು ತಿರುಳಿಗೆ ಹಾಕಿ ಬೀಟರಿನಿಂದ ನುಣ್ಣಗೆ ಮಾಡಬಹುದು. ಮೊಟ್ಟೆ ಸೇರುವ ಹೊತ್ತಿಗೆ ಬೀಟರ್ ಬದಿಗಿಟ್ಟು ಕೈಯಿಂದ ಕಲಸಿ. ಒಳಗೆ ಹೆಚ್ಚು ಗಾಳಿ ಹೊಕ್ಕರೆ ಹೂರಣ ಓವನ್ನಿನಲ್ಲಿ ಉಬ್ಬಿ, ಹೊರಗೆ ಬಂದ ಮೇಲೆ ಕುಸಿದು ಸುಕ್ಕಾಗುತ್ತದೆ. ಹಾಲು ಕೊನೆಗೆ. ಬಿಸಿ ತಳಕ್ಕೆ ಸುರಿದು, ತಟ್ಟೆಯನ್ನು ಕಟ್ಟೆಯ ಮೇಲೆ ಎರಡು ಸಲ ಮೆಲ್ಲಗೆ ಕುಟ್ಟಿ ಗುಳ್ಳೆ ಒಡೆಯಿರಿ. ಮಿಕ್ಕ ಹೂರಣವನ್ನು ಸಣ್ಣ ಬಟ್ಟಲಲ್ಲಿ ಪಕ್ಕದಲ್ಲೇ ಬೇಯಿಸಿ. ಪೈಯನ್ನು ಮುಟ್ಟದೆ ಸಿಹಿ ನೋಡಲು ಅದೇ ದಾರಿ.

175 ಡಿಗ್ರಿ, ಅಂದರೆ 350 ಫ್ಯಾರನ್‌ಹೀಟ್, ಕೆಳಗಿನ ಹಂತದಲ್ಲಿ, 50ರಿಂದ 60 ನಿಮಿಷ. ಅಂಚು ಬೇಗ ಕೆಂಪಾದರೆ ಫಾಯಿಲ್‌ನ ಬಳೆ ಮಾಡಿ ಹೊದಿಸಿ. ಬೆಂದಿದೆಯೇ ಎಂದು ಚಾಕು ಚುಚ್ಚಿ ನೋಡುವವರು ಅತಿ ಬೇಯಿಸುತ್ತಾರೆ, ಮೇಲೆ ಗಾಯವೂ ಉಳಿಯುತ್ತದೆ. ತಟ್ಟೆಯನ್ನು ಅಲುಗಾಡಿಸಿ. ಅಂಚು ನಿಂತಿದ್ದು, ನಡುವಿನ ಐದಾರು ಸೆಂ.ಮೀ. ಮಾತ್ರ ಮೊಸರಿನಂತೆ ತುಳುಕಬೇಕು. ಥರ್ಮಾಮೀಟರ್ ಇದ್ದರೆ ನಡುವೆ 80 ಡಿಗ್ರಿ. ಅದಕ್ಕಿಂತ ಬಹಳ ಮೇಲೆ ಹೋದರೆ ಮೊಟ್ಟೆಯ ಪ್ರೋಟೀನು ಬಿಗಿದು, ಹಿಡಿದಿಟ್ಟ ನೀರನ್ನು ಹಿಂಡಿ ಹೊರಹಾಕುತ್ತದೆ. ಮೇಲೆ ಬಿರುಕು, ತಳದಲ್ಲಿ ನೀರು, ಎರಡೂ ಒಟ್ಟಿಗೆ ಕಂಡರೆ ಬೇರೆ ಕಾರಣ ಹುಡುಕುವುದು ಬೇಡ. ಓವನ್ ಆರಿಸಿ, ಬಾಗಿಲು ಸ್ವಲ್ಪ ತೆರೆದು ಹತ್ತು ನಿಮಿಷ ಒಳಗೇ ಬಿಟ್ಟು, ಆಮೇಲೆ ಜಾಲರಿಯ ಮೇಲೆ ಎರಡು ಗಂಟೆ ಆರಿಸಿ. ಮೊಟ್ಟೆ ಹಾಲಿನ ಪದಾರ್ಥವಾದ್ದರಿಂದ ಅದಕ್ಕೂ ಹೆಚ್ಚು ಹೊತ್ತು ಹೊರಗಿಡದೆ ಫ್ರಿಜ್ಜಿಗೆ ಸೇರಿಸಿ. ಬಿಸಿ ಇರುವಾಗಲೇ ಮುಚ್ಚಿದರೆ ಹಬೆ ಮುಚ್ಚಳದಿಂದ ತೊಟ್ಟಿಕ್ಕಿ ಮೇಲ್ಮೈಯನ್ನು ಹಾಳುಮಾಡುತ್ತದೆ.

ಮೊಟ್ಟೆ ತಿನ್ನದ ಮನೆಗಳಿಗೆ ದಾರಿ ಬೇರೆ. ಅಮೆರಿಕದಲ್ಲಿರುವ ನಮ್ಮವರ ಹಬ್ಬದೂಟಗಳಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಇದೇ ಹೂರಣದಿಂದ ಮೊಟ್ಟೆ ಬಿಟ್ಟು, ಕಾರ್ನ್‌ಫ್ಲೋರ್ 30 ಗ್ರಾಂ ಹಾಕಿ ಓವನ್ನಿಗೆ ಕಳಿಸಿದರೆ ಗಟ್ಟಿಯಾಗದು. 80 ಡಿಗ್ರಿ ಅದಕ್ಕೆ ಸಾಲದು, ಕುದಿ ಬರಬೇಕು. ಹಾಗಾಗಿ ತಣ್ಣನೆಯ ಹಾಲಿನಲ್ಲಿ ಕಾರ್ನ್‌ಫ್ಲೋರ್ ಕದಡಿ, ತಿರುಳು ಸಕ್ಕರೆ ಸೇರಿಸಿ, ಒಲೆಯ ಮೇಲೆ ಮಗುಚುತ್ತ ಕುದಿಸಿ. ದಪ್ಪ ಗುಳ್ಳೆ ಎದ್ದ ಮೇಲೂ ಎರಡು ನಿಮಿಷ ಬಿಟ್ಟು ಬೆಣ್ಣೆ ಹಾಕಿ ಇಳಿಸಿ. ತಳವನ್ನು ಪೂರ್ತಿ ಕಂದಾಗುವಂತೆ ಬೇಯಿಸಿಕೊಂಡು, ಮೊಟ್ಟೆಯ ಬಿಳಿಯ ಬದಲು ಕರಗಿದ ಬಿಳಿ ಚಾಕೊಲೇಟ್ ತೆಳ್ಳಗೆ ಸವರಿ, ಅದು ಗಟ್ಟಿಯಾದ ಮೇಲೆ ಉಗುರು ಬೆಚ್ಚಗಿನ ಹೂರಣ ತುಂಬಿ, ಆರು ಗಂಟೆ ಫ್ರಿಜ್ಜಿನಲ್ಲಿಡಿ. ಅಂಗಡಿಯ ಸಿದ್ಧ ಕಣಕ ತರುವವರು ಪದಾರ್ಥಗಳ ಪಟ್ಟಿ ಓದಬೇಕು, ಕೆಲವದರಲ್ಲಿ ಹಂದಿಯ ಕೊಬ್ಬು ಇರುತ್ತದೆ. ಮಾರ್ಶ್‌ಮ್ಯಾಲೋ ಎಂಬ ಮೆತ್ತನೆಯ ಮಿಠಾಯಿಯಲ್ಲಿ ಸಾಮಾನ್ಯವಾಗಿ ಪ್ರಾಣಿಗಳಿಂದ ತೆಗೆದ ಜೆಲಟಿನ್ ಇರುತ್ತದೆ. ಹೇಗೂ ಅದು ಗೆಣಸಿನ ಕ್ಯಾಸರೋಲ್ ಎಂಬ, ಓವನ್ನಿನಲ್ಲಿ ಬೇಯಿಸುವ ಖಾದ್ಯದ ಮೇಲೆ ಚೆಂದ, ಪೈಗೆ ಬೇಡ.

ಕರ್ನಾಟಕದಲ್ಲಿ ಕ್ರಿಸ್‌ಮಸ್‌ಗೆ ಮಾಡುವವರಿಗೆ ಪೇಟೆಯಲ್ಲಿ ಸುಲಭಕ್ಕೆ ಸಿಗುವುದು ಕೆಂಪು ಸಿಪ್ಪೆಯ, ಬಿಳಿ ತಿರುಳಿನ ಗೆಣಸು. ಬೆಳಗಾವಿ ಸುತ್ತ ಹೆಚ್ಚು ಬೆಳೆಯುತ್ತಾರೆ. ಇದರಲ್ಲಿ ಪಿಷ್ಟ ಹೆಚ್ಚು, ನೀರು ಕಡಿಮೆ. ಬತ್ತಿಸಿದ ಹಾಲನ್ನು 240 ಮಿ.ಲೀ.ವರೆಗೆ ಏರಿಸದಿದ್ದರೆ ಹೂರಣ ಒಣಗಿ ಹಿಟ್ಟುಹಿಟ್ಟಾಗುತ್ತದೆ. ಬಣ್ಣ ಬೂದಿಗೆ ತಿರುಗುವುದರಿಂದ ಬ್ರೌನ್ ಶುಗರ್ ಪಾಲು ಹೆಚ್ಚಿಸಿ. ಭೂ ಸೋನಾದಂಥ ಕಿತ್ತಳೆ ತಿರುಳಿನ ತಳಿ ಸಿಕ್ಕರೆ ಬಿಡಬೇಡಿ. ಓಟಿಜಿ ಎನ್ನುವ ಸಣ್ಣ ಕರೆಂಟ್ ಓವನ್ ಆದರೆ ತಳ ಬೇಯಿಸುವಾಗ ಕೆಳಗಿನ ಕಾಯಿಲ್ ಚೆನ್ನಾಗಿ ಕಾದಿರಲಿ. ಹೂರಣ ತುಂಬಿದ ಮೇಲೆ ಮೇಲಿನ ಕಾಯಿಲ್‌ಗೆ ತೀರಾ ಹತ್ತಿರ ಇಟ್ಟರೆ ನಡುಭಾಗ ಬೇಯುವ ಮೊದಲೇ ಮೇಲ್ಮೈ ಕರಕಲಾಗುತ್ತದೆ.

ಇನ್ನು ಸಿಂಗಾರ. ನಮ್ಮ ಮೆಚ್ಚಿನದು ಕಣಕದ ಎಲೆಗಳು, ಏಕೆಂದರೆ ಅವು ತಿನ್ನಲೂ ಚೆನ್ನ. ಬೇರೆ ಇಟ್ಟ ಹಿಟ್ಟನ್ನು 3 ಮಿ.ಮೀ. ಲಟ್ಟಿಸಿ, ಥ್ಯಾಂಕ್ಸ್‌ಗಿವಿಂಗ್‌ಗೆ ಮೇಪಲ್, ಓಕ್ ಎಲೆಗಳ ಅಚ್ಚು, ಕ್ರಿಸ್‌ಮಸ್‌ಗೆ ನಕ್ಷತ್ರ. ಅಚ್ಚು ಇಲ್ಲದಿದ್ದರೆ ಚಾಕುವೇ ಸಾಕು. ಚಾಕುವಿನ ಬೆನ್ನಿನಿಂದ ನರಗಳನ್ನು ಒತ್ತಿ, ಕಾಲು ಗಂಟೆ ತಣ್ಣಗಾಗಿಸಿ, ಒಂದು ಮೊಟ್ಟೆಯ ಹಳದಿಗೆ ಒಂದು ಚಮಚ ಹಾಲು ಬೆರೆಸಿ ಸವರಿ. ಮೊಟ್ಟೆ ಬೇಡದವರಿಗೆ ಕ್ರೀಮ್ ಸಾಕು, ಹೊಳಪು ಸ್ವಲ್ಪ ಕಡಿಮೆ. ಕೆಲವು ಎಲೆಗಳನ್ನು ಫಾಯಿಲ್ ಉಂಡೆಗಳ ಮೇಲೆ ಒರಗಿಸಿಟ್ಟರೆ ಬಾಗಿದ ರೂಪದಲ್ಲೇ ಬೇಯುತ್ತವೆ. 190 ಡಿಗ್ರಿಯಲ್ಲಿ 10–12 ನಿಮಿಷ. ಇವನ್ನು ಹಸಿಯಾಗಿ ಹೂರಣದ ಮೇಲಿಟ್ಟು ಬೇಯಿಸಿದರೆ ಅಡಿಭಾಗ ಹೂರಣದ ನೀರು ಹೀರಿ ಹಿಟ್ಟಾಗಿಯೇ ಉಳಿಯುತ್ತದೆ. ಬೇರೆ ಬೇಯಿಸಿ, ಗಾಳಿಯಾಡದ ಡಬ್ಬಿಯಲ್ಲಿಟ್ಟು, ಬಡಿಸುವ ದಿನ ಅಂಚಿನುದ್ದಕ್ಕೂ ಒಂದರ ಮೇಲೊಂದು ಅರ್ಧ ಏರುವಂತೆ ಜೋಡಿಸಿ. ನಡುವೆ ಖಾಲಿ ಬಿಡಿ, ಆ ಹೊಳೆವ ಕಿತ್ತಳೆ ಬಣ್ಣವೇ ಅಲಂಕಾರದ ಅರ್ಧ.

ಅಂಚಿಗೆ ಜಡೆ ಹೆಣೆಯುವುದಾದರೆ 5 ಮಿ.ಮೀ. ಅಗಲದ ಮೂರು ಪಟ್ಟಿಗಳು ಸಾಕು. ಹೆಣೆಯುವಾಗ ಬಿಗಿ ಎಳೆಯಬಾರದು, ಬೇಯುವಾಗ ತುಂಡಾಗುತ್ತದೆ. ತಳ ಬೇಯಿಸುವ ಮೊದಲೇ ಅಂಚಿಗೆ ನೀರು ಸವರಿ ಅಂಟಿಸಿ.

ಕ್ರೀಮ್ ಬಿಡಿಸುವಾಗ ಕೊಬ್ಬಿನ ಪ್ರಮಾಣ ನೋಡಿ. 36 ಶೇಕಡದ ಹೆವಿ ಕ್ರೀಮ್ 240 ಮಿ.ಲೀ., ಪುಡಿ ಸಕ್ಕರೆ ಎರಡು ಚಮಚ, ಹಾಲಿನ ಪುಡಿ ಒಂದು ಚಮಚ. ಹಾಲಿನ ಪುಡಿ ನೀರನ್ನು ಹಿಡಿದು ಅಂಚುಗಳನ್ನು ಹೆಚ್ಚು ಹೊತ್ತು ನಿಲ್ಲಿಸುತ್ತದೆ. ಭಾರತದಲ್ಲಿ ಅಡುಗೆಗೆ ಮಾರುವ 25 ಶೇಕಡ ಕೊಬ್ಬಿನ ಕ್ರೀಮ್ ಎಷ್ಟು ಬಡಿದರೂ ನಿಲ್ಲದು, ವಿಪ್ಪಿಂಗ್ ಕ್ರೀಮ್ ಎಂದೇ ಕೇಳಿ ತರಬೇಕು. ಪೈ ಪೂರ್ತಿ ತಣ್ಣಗಾಗಿರಬೇಕು. ಸ್ವಲ್ಪ ಬಿಸಿ ಉಳಿದಿದ್ದರೂ ಕ್ರೀಮಿನ ಕೊಬ್ಬು ಕರಗುತ್ತದೆ. ನಕ್ಷತ್ರದ ನಾಝಲ್‌ನಿಂದ ಒತ್ತುವಾಗ ಬೆರಳ ಒತ್ತಡ ಸಮವಾಗಿದ್ದರೆ ಸಾಕು, ಎಳೆ ರಂಗೋಲಿ ಬರುವ ಕೈಗೆ ಇದು ಹೊಸದಲ್ಲ.

ಮೆರಾಂಗ್ ಎಂಬ ಮೊಟ್ಟೆಯ ಬಿಳಿಯ ನೊರೆ ಬೇಕೆನ್ನುವವರು ಮೂರು ಮೊಟ್ಟೆಯ ಬಿಳಿ, 100 ಗ್ರಾಂ ಸಕ್ಕರೆಯನ್ನು ಹಬೆಯ ಮೇಲೆ 71 ಡಿಗ್ರಿಗೆ ಬಿಸಿ ಮಾಡಿ, ಗಟ್ಟಿಯಾಗಿ ಬಡಿದು, ಕಣಕದ ಅಂಚಿಗೆ ತಾಗುವಂತೆ ಹರಡಿ. ತಾಗದಿದ್ದರೆ ಒಳಕ್ಕೆ ಕುಗ್ಗಿ ಸುತ್ತ ನೀರು ಬಿಡುತ್ತದೆ. ಮಳೆ ಮೋಡದ ದಿನ ಇದನ್ನು ಮಾಡದಿರುವುದೇ ವಾಸಿ, ಸಕ್ಕರೆ ಗಾಳಿಯ ತೇವ ಹೀರಿ ಅಂಟಾಗುತ್ತದೆ. ಪುಡಿ ಸಕ್ಕರೆಯನ್ನು ಕಾಗದದ ಅಚ್ಚಿನ ಮೇಲೆ ಉದುರಿಸಿ ಚಿತ್ರ ಮೂಡಿಸುವುದು ಫೋಟೋಗಷ್ಟೇ, ಹತ್ತು ನಿಮಿಷದಲ್ಲಿ ಕರಗುತ್ತದೆ. ದಾಳಿಂಬೆ ಕಾಳು, ಸಕ್ಕರೆ ಹೊರಳಿಸಿದ ಕ್ರ್ಯಾನ್‌ಬೆರಿ ಇವೆಲ್ಲ ಬಡಿಸುವ ಗಳಿಗೆಗೆ ಮಾತ್ರ. ಪೀಕನ್ ಬೀಜವನ್ನು ಮೊದಲು ಹುರಿದು ಆರಿಸಿ ಇಟ್ಟರೆ ಗರಿ ಉಳಿಯುತ್ತದೆ.

ಕತ್ತರಿಸುವಾಗ ಚಾಕುವನ್ನು ಬಿಸಿ ನೀರಲ್ಲಿ ಅದ್ದಿ, ಒರೆಸಿ, ಪ್ರತಿ ಸಲವೂ ಹಾಗೇ ಮಾಡಿ. ಮೊದಲ ತುಂಡನ್ನು ಎತ್ತುವ ಮೊದಲು ಎರಡನೆಯದನ್ನೂ ಗೀರಿಕೊಂಡರೆ ಒಡೆಯದೆ ಬರುತ್ತದೆ. ಮಿಕ್ಕದ್ದು ಫ್ರಿಜ್ಜಿನಲ್ಲಿ ಮೂರು ನಾಲ್ಕು ದಿನ ಇರುತ್ತದೆ. ಕ್ರೀಮ್ ಹಾಕದ, ಮೊಟ್ಟೆಯ ಹೂರಣದ ಪೈಯನ್ನು ಬಿಗಿಯಾಗಿ ಸುತ್ತಿ ಫ್ರೀಜರಿನಲ್ಲಿ ಒಂದು ತಿಂಗಳು ಇಡಬಹುದು. ಕಾರ್ನ್‌ಫ್ಲೋರ್‌ನದು ಕರಗಿಸಿದಾಗ ನೀರು ಬಿಡುವುದರಿಂದ ಅದನ್ನು ಫ್ರೀಜ್ ಮಾಡಬೇಡಿ. ಮೊಟ್ಟೆಯ ಪೈಯ ತುಂಡನ್ನು ಮತ್ತೆ ಬಿಸಿ ಮಾಡುವುದಾದರೆ 150 ಡಿಗ್ರಿ ಓವನ್ನಿನಲ್ಲಿ ಹತ್ತು ನಿಮಿಷ. ಮೈಕ್ರೋವೇವ್ ಹೂರಣವನ್ನು ಬಿಸಿ ಮಾಡುತ್ತದೆ, ತಳವನ್ನು ಮೆತ್ತಗೆ ಮಾಡಿಬಿಡುತ್ತದೆ.